ಟ್ಯಾಂಕಿನ ತಳದ ಎಣ್ಣೆ

ಲೋಟೋಫೋ ದ್ವೀಪದಲ್ಲಿ ಕರೆಂಟಿನ ದರ ಏರಿದಾಗ ಜನ ಬೈಯುತ್ತಿದ್ದುದು ಎಣ್ಣೆ ತೆಗೆಯುವ ದೇಶಗಳನ್ನಲ್ಲ, ಅದನ್ನು ಹೊತ್ತು ತರುವ ಹಡಗನ್ನೂ ಅಲ್ಲ, ಲೆಸಿಯೇಲಿಯನ್ನು. ಮೂರು ತಿಂಗಳಿಗೊಮ್ಮೆ ದರದ ಚೀಟಿ ಬರೆದು ವಿದ್ಯುತ್ ಕಚೇರಿಯ ಬಾಗಿಲಿಗೆ ಅಂಟಿಸುವವಳು ಅವಳು. ಆದ್ದರಿಂದ ಏರಿಸುವವಳೂ ಅವಳೇ ಎಂದು ಅರ್ಧ ಊರು ತಮಾಷೆಗೆ ಹೇಳುತ್ತಿತ್ತು, ಇನ್ನರ್ಧ ನಂಬಿಯೇ ಬಿಟ್ಟಿತ್ತು.

"ಈ ಸಲ ಪೆನ್ನಿಗೆ ಸ್ವಲ್ಪ ಕಡಿಮೆ ಶಾಯಿ ಹಾಕ್ಕೊಳ್ಳೆ ತಾಯಿ," ಎಂದು ಸಂಜೆಯ ಕಾವಾ ಬೇರಿನ ಕಷಾಯ ಕುಡಿಯಲು ಹೊರಟ ಗಂಡಸರು ರಸ್ತೆಯ ಆ ಬದಿಯಿಂದ ಕೂಗುತ್ತಿದ್ದರು. ಅವಳು ನಕ್ಕಂತೆ ಮಾಡಿ ಹೆಜ್ಜೆ ಚುರುಕು ಮಾಡುತ್ತಿದ್ದಳು. ತಕ್ಕ ಉತ್ತರ ಹೊಳೆಯುತ್ತಿದ್ದುದು ಮನೆ ತಲುಪಿ, ಸ್ನಾನ ಮಾಡಿ, ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವಾಗ. ಆ ಉತ್ತರ ಬಹಳ ಚೆನ್ನಾಗಿರುತ್ತಿತ್ತು. ಕೇಳಲು ಮಾತ್ರ ಯಾರೂ ಇರುತ್ತಿರಲಿಲ್ಲ.

ರಾಜಧಾನಿಯಲ್ಲಿ ಲೆಕ್ಕಶಾಸ್ತ್ರ ಓದಿ ಬಂದವಳು ಅವಳು. ಕಚೇರಿಯಲ್ಲಿ ಇದ್ದವರು ಇಬ್ಬರೇ, ವ್ಯವಸ್ಥಾಪಕ ಕೆಲೇಪಿ ಮತ್ತು ಅವಳು. ಗೋಡೆಯಾಚೆ ಡೀಸೆಲ್ ಇಂಜಿನ್ನು ಬಿಡುವಿಲ್ಲದೆ ಧಡಧಡ ಎನ್ನುತ್ತಿತ್ತು. ಮುಂಗಡ ಕಟ್ಟಿದವರಿಗೆ ಇಪ್ಪತ್ತು ಅಂಕಿಗಳ ಒಂದು ಚೀಟಿ ಹರಿದು ಕೊಡುವುದು ಅವಳ ಕೆಲಸ. ಮನೆಗೆ ಹೋಗಿ ಆ ಅಂಕಿಗಳನ್ನು ಮೀಟರಿನ ಗುಂಡಿಗಳಲ್ಲಿ ಒತ್ತಿದರೆ ಕಟ್ಟಿದಷ್ಟು ಕರೆಂಟು ಬರುತ್ತಿತ್ತು. ಮುಗಿಯುತ್ತ ಬಂದಾಗ ಮೀಟರಿನ ಕೆಂಪು ದೀಪ ಮಿಣುಕುತ್ತಿತ್ತು. ಆಮೇಲೆ ಅದೂ ಆರಿ ಮನೆ ಸುಮ್ಮನಾಗುತ್ತಿತ್ತು. ಕಳೆದ ಎರಡು ಏರಿಕೆಗಳಲ್ಲಿ ಊರಿನ ಏಳು ಫ್ರೀಜರುಗಳ ಪೈಕಿ ಐದು ಬಟ್ಟೆಪೆಟ್ಟಿಗೆಗಳಾಗಿದ್ದವು. "ಒಳ್ಳೇದೇ ಆಯ್ತು ಬಿಡಿ, ಇಲಿ ಕಾಟ ಇಲ್ಲ," ಎಂದು ಹೆಂಗಸರು ನಗುತ್ತಿದ್ದರು. ಇನ್ನೂ ತಣ್ಣಗಿದ್ದವು ಎರಡೇ. ಒಂದು ಪಾದ್ರಿಯವರ ಮನೆಯದು, ಇನ್ನೊಂದು ಪಾಸೇಪಾ ಅತ್ತೆಯದು.

ಆ ಗುರುವಾರ ಬೆಳಿಗ್ಗೆ ಅತ್ತೆ, ಹೊರಗೆ ಹೊರಟಾಗ ಮರ್ಯಾದೆಗೆ ಎಲ್ಲರೂ ಸುತ್ತಿಕೊಳ್ಳುವ ಹಾಗೆ, ಸೊಂಟಕ್ಕೆ ಚಾಪೆ ಬಿಗಿದುಕೊಂಡು, ಬಿಸ್ಕತ್ತಿನ ಡಬ್ಬಿಯೊಂದನ್ನು ಕಂಕುಳಲ್ಲಿ ಅವುಚಿಕೊಂಡು ಕಚೇರಿಗೆ ಬಂದಳು. ಕೆಲೇಪಿ ಎದ್ದು ಕುರ್ಚಿ ಕೊಟ್ಟು, ಇಂಜಿನ್ನು ನೋಡುವ ನೆಪ ಮಾಡಿ ಹಿತ್ತಲಿಗೆ ಹೋದ.

ಪಾಸೇಪಾ ಲೆಸಿಯೇಲಿಯ ತಂದೆಯ ಅಕ್ಕ. ಇಲ್ಲಿ ತಂದೆಗಿಂತ ತಂದೆಯ ಅಕ್ಕ ದೊಡ್ಡವಳು. ಅವಳು ಮನೆಯೊಳಗೆ ಕಾಲಿಟ್ಟರೆ ಲೆಸಿಯೇಲಿಯ ತಂದೆ ಸೆಮಿಸಿ, ಐವತ್ತೆಂಟು ವರ್ಷದ ಮುದುಕ, ಈಗಲೂ ತಟ್ಟೆ ಎತ್ತಿಕೊಂಡು ಜಗಲಿಗೆ ಹೋಗುತ್ತಿದ್ದ. ಹಂದಿ ಬೇಕೆಂದರೆ ಹಂದಿ ಕೊಡುವುದು, ಕೂತ ಚಾಪೆ ಬೇಕೆಂದರೆ ಎದ್ದು ಸುತ್ತಿ ಕೊಡುವುದು. ಲೆಸಿಯೇಲಿ ಎಂಬ ಹೆಸರಿಟ್ಟವಳೂ ಅವಳೇ. ಆ ಮನೆಯಲ್ಲಿ ಅತ್ತೆಗೆ 'ಇಲ್ಲ' ಎಂದದ್ದು ಯಾರಿಗೂ ನೆನಪಿರಲಿಲ್ಲ. ಹೆದರಿಕೆಯಿಂದಲ್ಲ. ಆ ದಿಕ್ಕಿಗೆ ಆ ಮಾತು ಹೊರಡುತ್ತಲೇ ಇರಲಿಲ್ಲ, ಅಷ್ಟೆ.

"ರೇಡಿಯೋ ಕೇಳಿದ್ಯೇನೇ?" ಅತ್ತೆ ಕುರ್ಚಿಯಲ್ಲಿ ಕೂತು ಮಂಡಿ ನೀವಿಕೊಂಡಳು. "ಎಣ್ಣೆ ಬೆಲೆ ಬಿದ್ದುಹೋಯ್ತಂತೆ. ದೊಪ್ಪಂತ."

"ಕೇಳ್ದೆ ಅತ್ತೆ."

"ಶನಿವಾರ ನಿಮ್ಮ ಹೊಸ ದರ ಶುರು. ಇಳಿಯುತ್ತೆ ತಾನೆ? ಇವತ್ತೇ ತಗೊಂಡುಬಿಡೋಣ ಅಂತ ಬಂದೆ. ಇರೋದು ಇಷ್ಟೇ ನೋಡು." ಡಬ್ಬಿಯ ಮುಚ್ಚಳ ತೆಗೆದು ತೋರಿಸಿದಳು. "ಇಳಿಯೋದಾದ್ರೆ ಎರಡು ದಿನ ತಡೀತೀನಿ. ಮೀಟರಿನಲ್ಲಿ ಶನಿವಾರದ ತನಕ ಇದೆ. ಬುಧವಾರದ ತನಕ ನನ್ನ ಫ್ರೀಜರು ಉಸಿರಾಡಿದ್ರೆ ಸಾಕು."

ಬುಧವಾರ ಏನೆಂದು ಕೇಳುವ ಅಗತ್ಯವಿರಲಿಲ್ಲ. ಚರ್ಚಿನ ವಾರ್ಷಿಕ ಸಭೆಗೆ ಮಂಗಳವಾರದ ಹಡಗಿನಲ್ಲಿ ಆರು ದ್ವೀಪಗಳ ಜನ ಬರುವವರಿದ್ದರು. ಒಂದೊಂದು ಮನೆತನಕ್ಕೆ ಒಂದೊಂದು ಊಟದ ಮೇಜು ಹಂಚಿಕೆಯಾಗಿತ್ತು. ಅತ್ತೆ ತನಗೆ ನಲವತ್ತು ಜನರ ಮೇಜೇ ಬೇಕೆಂದು, ಅದೂ ತೀರಿಕೊಂಡ ಗಂಡನ ಊರಿನವರದೇ ಬೇಕೆಂದು ಕೇಳಿ ಪಡೆದಿದ್ದಳು. ಮದುವೆಯಾದ ಹೊಸದರಲ್ಲಿ ಆ ಊರಿನ ಹೆಂಗಸರು, 'ಲೋಟೋಫೋದವಳ ಕೈ ಬಡಿಸೋಕೆ ಬಗ್ಗಲ್ಲ' ಎಂದಿದ್ದರಂತೆ. ಮೂವತ್ತೆಂಟು ವರ್ಷದ ಹಿಂದಿನ ಮಾತು. ಅತ್ತೆ ಅದನ್ನು ಫ್ರೀಜರು ಇಲ್ಲದೆಯೇ ಕೆಡದಂತೆ ಇಟ್ಟುಕೊಂಡಿದ್ದಳು. ಅದಕ್ಕಾಗಿ ಸೆಮಿಸಿ ಆರು ವಾರ, ಭಾನುವಾರ ಬಿಟ್ಟು ದಿನಾ, ದೋಣಿ ಇಳಿಸಿ ಹಿಡಿದ ಮೀನು ಈಗ ಆ ಹಳೆಯ ಬಿಳಿ ಪೆಟ್ಟಿಗೆಯಲ್ಲಿತ್ತು.

ಲೆಸಿಯೇಲಿಗೆ ಗೊತ್ತಿತ್ತು. ಹೊಸ ದರವನ್ನು ಕಳೆದ ಮಂಗಳವಾರ ಅವಳೇ ಲೆಕ್ಕ ಹಾಕಿದ್ದಳು. ಹಿತ್ತಲಿನ ದೊಡ್ಡ ಟ್ಯಾಂಕು ತುಂಬಿದ್ದು ಎರಡು ತಿಂಗಳ ಹಿಂದೆ, ಎಲ್ಲೋ ದೂರದ ಯುದ್ಧದಿಂದ ಬೆಲೆ ನೆತ್ತಿಗೇರಿದ ವಾರದಲ್ಲಿ. ರೇಡಿಯೋ ಹೇಳುತ್ತಿದ್ದ ಅಗ್ಗದ ಎಣ್ಣೆ ಇನ್ನೂ ಬೇರೆ ಯಾವುದೋ ಸಮುದ್ರದಲ್ಲಿತ್ತು; ಅದು ಈ ದಕ್ಕೆ ಮುಟ್ಟುವ ಹೊತ್ತಿಗೆ ಕ್ರಿಸ್‌ಮಸ್ ಕಳೆದಿರುತ್ತದೆ. ಅಲ್ಲಿಯವರೆಗೆ ಇಂಜಿನ್ನು ಕುಡಿಯುವುದು ದುಬಾರಿ ಎಣ್ಣೆಯನ್ನೇ. ದರ ಇಳಿಯುವುದಿರಲಿ, ಒಂದೂವರೆ ಪಟ್ಟಾಗುತ್ತಿತ್ತು; ಮೇಲಾಗಿ ಇದೇ ಮೊದಲ ಸಲ, ಮೂರು ತಿಂಗಳ ಮೀಟರು ಬಾಡಿಗೆಯನ್ನೂ ಹೊಸ ದರದ ಮೊದಲ ಚೀಟಿಯಲ್ಲೇ ಮುರಿದುಕೊಳ್ಳುವುದಿತ್ತು.

ಅತ್ತೆ ಮುಖ ಮುಂದೆ ಚಾಚಿ ಕಾಯುತ್ತಿದ್ದಳು. ಅಷ್ಟು ಆಸೆ ತುಂಬಿದ ಅವಳ ಮುಖವನ್ನು ಲೆಸಿಯೇಲಿ ಹಿಂದೆ ನೋಡಿರಲಿಲ್ಲ.

"ಇಳಿಯುತ್ತೆ ತಾನೆ?"

"ಹೂಂ ಅತ್ತೆ."

ಅತ್ತೆ ಡಬ್ಬಿಯ ಮುಚ್ಚಳ ಒತ್ತಿದಳು. "ಓದಿದೋರು ಮನೇಲಿದ್ರೆ ಎಷ್ಟು ಅನುಕೂಲ ನೋಡು," ಎಂದು ಲೆಸಿಯೇಲಿಯ ಕೆನ್ನೆ ಚಿವುಟಿ ಹೋದಳು.

ದರ ಮೊದಲೇ ಯಾರಿಗೂ ಹೇಳಬಾರದು ಎಂಬ ಕೆಲೇಪಿಯ ನಿಯಮವೊಂದಿತ್ತು. ಆ ದಿನವೆಲ್ಲ ಲೆಸಿಯೇಲಿ ಅದರ ಹಿಂದೆ ಅಡಗಿ ಕೂತಳು. ಆದರೆ ನಿಯಮ ಹೇಳುತ್ತಿದ್ದುದು 'ಗೊತ್ತಿಲ್ಲ' ಅನ್ನು ಎಂದು. 'ಹೂಂ' ಅನ್ನು ಎಂದಲ್ಲ. ಸಂಜೆ ಹೊತ್ತಿಗೆ ಆ ಮರೆಯೂ ಜಾರಿತು.

ಶುಕ್ರವಾರ ಕಚೇರಿ ಮುಗಿಸಿ, ಬಾಗಿಲಿಗೆ ಚೀಟಿ ಅಂಟಿಸುವ ಕೆಲಸ ಕೆಲೇಪಿಗೆ ಬಿಟ್ಟು, ಅವಳು ಸೀದಾ ಅತ್ತೆಯ ಮನೆಗೆ ನಡೆದಳು. ಹೇಳಬೇಕಾದ್ದನ್ನು ಒಂದು ಕಾಗದದ ಮೇಲೆ ಬರೆದುಕೊಂಡಿದ್ದಳು: 'ಅತ್ತೆ, ನಾನು ನಿನ್ನೆ ತಪ್ಪು ಹೇಳಿದೆ. ಇಳಿಯುವುದಿಲ್ಲ, ಏರುತ್ತದೆ. ನಡೆಯಿರಿ, ಕಚೇರಿ ತೆಗೆದು ಹಳೆಯ ದರಕ್ಕೇ ಕೊಡುತ್ತೇನೆ.' ದಾರಿಯುದ್ದಕ್ಕೂ ತುಟಿಯಲ್ಲೇ ಓದಿಕೊಂಡು ಬಂದಳು.

ಜಗಲಿಯಲ್ಲಿ ಸೆಮಿಸಿ ಬಲೆ ಹೊಲಿಯುತ್ತ ಕೂತಿದ್ದ. ಒಳಗಿನಿಂದ ಹೆಂಗಸರ ನಗು ಕೇಳುತ್ತಿತ್ತು.

"ಹೋಗು ಒಳಗೆ. ಅಕ್ಕ ಇರೋ ಕೋಣೆಗೆ ಹೋಗಬಾರದೋನು ನಾನು. ನಿನಗೇನಾಗಿದೆ?"

"ಯಾರ್ಯಾರಿದಾರಪ್ಪ?"

"ಬಾಯಿ ಇರೋರೆಲ್ಲ ಇದಾರೆ."

ಒಳಗೆ ಒಂಬತ್ತು ಹೆಂಗಸರು, ಅತಿಥಿಗಳಿಗೆ ಹಾಸುವ ದೊಡ್ಡ ಚಾಪೆಯ ಅಂಚು ಹೆಣೆಯುತ್ತಿದ್ದರು. ಮೂಲೆಯಲ್ಲಿ ಆಕ್ಲೆಂಡಿನಲ್ಲಿ ಯಾರೋ ಬಳಸಿ ಬಿಟ್ಟ ಫ್ರೀಜರು ಮುದಿ ನಾಯಿಯಂತೆ ಗುರುಗುಟ್ಟುತ್ತಿತ್ತು. ಮುಚ್ಚಳದ ರಬ್ಬರು ಹರಿದುಹೋಗಿ, ಮೇಲೆ ಎರಡು ಕಲ್ಲು ಹೇರಿದ್ದರು.

"ಬಂದ್ಲು ನೋಡಿ, ಕರೆಂಟಿನ ರಾಣಿ!" ಒಬ್ಬಳು ಕೂಗಿದಳು.

"ಸುಮ್ನಿರೇ," ಎಂದಳು ಅತ್ತೆ. "ನೀವೆಲ್ಲ ಬಾಗಿಲ ಚೀಟಿ ನೋಡಿ ತಿಳ್ಕೋಬೇಕು. ನನಗೆ ನನ್ನ ತಮ್ಮನ ಮಗಳು ಕಿವೀಲೇ ಹೇಳ್ತಾಳೆ. ಅಲ್ವೇನೇ?"

ಒಂಬತ್ತು ಜೊತೆ ಕಣ್ಣು ಅವಳ ಕಡೆ ತಿರುಗಿದವು. ಕಾಗದ ಸೊಂಟದ ಚಾಪೆಯೊಳಗೆ ಒದ್ದೆಯಾಗುತ್ತಿತ್ತು. ಲೆಸಿಯೇಲಿ ಕೂತು ಎಲೆ ಸೀಳಿದಳು, ಎರಡು ಸಾಲು ಹೆಣೆದಳು, ಕೊಟ್ಟ ಗೆಣಸು ತಿಂದಳು, ಎದ್ದು ಬಂದಳು.

"ಹೇಳಿದ್ಯಾ?" ಎಂದ ಸೆಮಿಸಿ. ಏನೆಂದು ಅವನಿಗೆ ಗೊತ್ತಿರಲಿಲ್ಲ. ಮಗಳ ಮುಖದಲ್ಲಿ ಏನೋ ಹೇಳಲು ಬಂದ ಕಳೆ ಇತ್ತಷ್ಟೆ.

"ಹೂಂ ಅಪ್ಪ," ಎಂದಳು. ಎರಡು ದಿನದಲ್ಲಿ ಅದು ಎರಡನೆಯ ಹೂಂ.

ಶನಿವಾರ ಕಚೇರಿ ಮಧ್ಯಾಹ್ನದವರೆಗೆ ಮಾತ್ರ. ಬೆಳಗಿನಿಂದಲೇ ಸಾಲು ಬೆಳೆದಿತ್ತು, ಬೈಗುಳವೂ. "ರೇಡಿಯೋ ಇಳೀತು ಅನ್ನುತ್ತೆ, ನೀವು ಏರಿಸ್ತೀರಿ. ನಡುವೆ ನುಂಗಿದ್ದು ಯಾರು?" ಎಂದು ಒಬ್ಬ ಕಿಟಕಿಯ ಹಲಗೆ ಕುಟ್ಟಿದ. ಕೆಲೇಪಿ ಒಳಗಿಂದ, "ಎಣ್ಣೆ ತಾನು ಬಂದ ದಿನದ ಬೆಲೆ ಹೊತ್ಕೊಂಡು ಕೂತಿರುತ್ತಪ್ಪ," ಎಂದದ್ದು ಇಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಅತ್ತೆ ಬಂದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಬೆಳಗಿನಿಂದ ತೋಟದಲ್ಲಿ ಗೆಣಸು ಅಗೆಸುತ್ತಿದ್ದವಳು, ಪಾದದ ಮಣ್ಣು ಸಹ ತೊಳೆದಿರಲಿಲ್ಲ. ಬಾಗಿಲ ಕಡೆ ನೋಡಲೇ ಇಲ್ಲ. ಡಬ್ಬಿಯನ್ನು ಕಿಟಕಿಯೊಳಗೆ ತಳ್ಳಿ, "ಎಲ್ಲಾ ಹಾಕಿಬಿಡು," ಎಂದಳು.

ಲೆಸಿಯೇಲಿ ತನ್ನ ಕೈಚೀಲದಲ್ಲಿದ್ದುದನ್ನೂ ಅದಕ್ಕೆ ಸುರಿದಳು. ಸಂಬಳ ಬರುವುದು ಮಂಗಳವಾರದ ಹಡಗಿನಲ್ಲಿ. ಚೀಲದಲ್ಲಿದ್ದದ್ದು ಎರಡು ಗಂಟೆ ಫ್ರೀಜರು ಓಡುವಷ್ಟು. ಯಂತ್ರ ಚೀಟಿ ಉಗುಳಿತು. ಅತ್ತೆ ಅದನ್ನು ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು.

"ಏನೇ ಇದು? ಒಂದು ಸೊನ್ನೆ ನುಂಗಿಬಿಟ್ಟಿದೆ ನಿನ್ನ ಯಂತ್ರ."

ಲೆಸಿಯೇಲಿಯ ಕಣ್ಣು ಬಾಗಿಲಿನ ಕಡೆ ಹೋಯಿತು. ಅತ್ತೆ ಆಗ ತಿರುಗಿ ಬಾಗಿಲ ಚೀಟಿ ಓದಿದಳು. ಅದು ಲೆಸಿಯೇಲಿಯದೇ ದುಂಡು ಅಕ್ಷರ. ಓದಿ ಮುಗಿದ ಮೇಲೂ ಸ್ವಲ್ಪ ಹೊತ್ತು ಅದರ ಮುಂದೆಯೇ ನಿಂತಿದ್ದಳು.

"ಏನಂತೆ ಪಾಸೇಪಾ?" ಹಿಂದಿನಿಂದ ಯಾರೋ ಕೆಣಕಿದರು. "ಕಿವೀಲಿ ಹೇಳಿದ್ದು ಬೇರೇನಾ?"

"ಹೋಗಯ್ಯ. ನನಗೆ ಮೊದಲೇ ಗೊತ್ತಿತ್ತು," ಎಂದಳು ಅತ್ತೆ. "ಕನ್ನಡಕ ಮರೆತು ಬಂದೆ, ಅದಕ್ಕೇ ನೋಡ್ತಿದ್ದೆ." ಚೀಟಿಯನ್ನು ಮಡಿಸಿ ಖಾಲಿ ಡಬ್ಬಿಯೊಳಗೆ ಹಾಕಿ, ಮುಚ್ಚಳ ಒತ್ತಿ, ಮಂಡಿ ಎಳೆಯುತ್ತ ಹೋದಳು. ಲೆಸಿಯೇಲಿಯ ಕಡೆ ತಿರುಗಲಿಲ್ಲ. ಬೈದಿದ್ದರೆ ಒಂದು ಸಮಾಧಾನವಿರುತ್ತಿತ್ತು.

ಭಾನುವಾರ ಮೂರು ಸಲ ಗಂಟೆ ಬಾರಿಸುತ್ತದೆ, ಊರು ಮೂರು ಸಲ ಚರ್ಚಿಗೆ ಹೋಗುತ್ತದೆ. ಆ ದಿನ ಯಾರೂ ದೋಣಿ ಇಳಿಸುವುದಿಲ್ಲ, ಬಟ್ಟೆ ಒಗೆಯುವುದಿಲ್ಲ, ಮೆಣಸಿನಕಾಯಿಯಷ್ಟನ್ನೂ ಕೊಂಡು ಮಾರುವುದಿಲ್ಲ. ಗುಂಡಿಯಲ್ಲಿ ಕಲ್ಲು ಕಾಯಿಸಿದ ನೆಲದೊಲೆಯಲ್ಲಿ ಊಟ ಬೇಯಿಸುವುದೊಂದೇ ಕೆಲಸ. ಬೆಳಗಿನ ಪ್ರಾರ್ಥನೆ ಮುಗಿಸಿ ಬಂದಾಗ ಸೆಮಿಸಿ ಅಕ್ಕನ ಮನೆಯ ಜಗಲಿ ಹತ್ತಲು ಹೋಗಿ ನಿಂತ. ಹೊಸ್ತಿಲಿನ ಕೆಳಗಿಂದ ನೀರು ಹರಿದು ಬರುತ್ತಿತ್ತು.

"ಲೆಸಿಯೇಲಿ, ನೀನು ಹೋಗು," ಎಂದ.

ಒಳಗೆ ಗುರುಗುಟ್ಟುವ ಸದ್ದಿರಲಿಲ್ಲ. ಮೀಟರಿನ ಕೆಂಪು ದೀಪವೂ ಆರಿತ್ತು. ಅತ್ತೆ ಚರ್ಚಿನ ಬಟ್ಟೆಯಲ್ಲೇ ಫ್ರೀಜರಿನ ಪಕ್ಕ ಮಣೆಯ ಮೇಲೆ ಕೂತಿದ್ದಳು.

ಲೆಸಿಯೇಲಿ ಬಾಗಿಲಲ್ಲೇ ನಿಂತು ಹೇಳಿದಳು, "ಕಚೇರಿ ಬೀಗದ ಕೈ ನನ್ನ ಹತ್ರ ಇದೆ ಅತ್ತೆ. ಈಗ್ಲೇ ಓಡಿಹೋಗಿ ಅಂಕಿ ತರ್ತೀನಿ. ಒಳಗಿಂದು ಇನ್ನೂ ತಣ್ಣಗಿರುತ್ತೆ, ಉಳಿಯುತ್ತೆ. ದುಡ್ಡು ಹಡಗು ಬಂದ ಮೇಲೆ ನಾನು ಕಟ್ತೀನಿ."

"ಭಾನುವಾರ?"

"ಯಾರಿಗೂ ಗೊತ್ತಾಗಲ್ಲ."

"ಹೌದೌದು. ಬೆಳಿಗ್ಗೆ ನಾವು ಹಾಡಿ ಕರೆದಿದ್ದು ನಿಮ್ಮ ಕೆಲೇಪಿನ ನೋಡು, ಅವನಿಗೊಬ್ಬನಿಗೆ ಗೊತ್ತಾಗದಿದ್ರೆ ಸಾಕು." ಅತ್ತೆಯ ದನಿ ಏರಲಿಲ್ಲ. "ಈ ವಯಸ್ಸಿನ ತನಕ ಭಾನುವಾರ ಸೂಜಿ ಹಿಡಿದೋಳಲ್ಲ ನಾನು. ಮೀನಿಗೋಸ್ಕರ ನಿನ್ನ ಕೈಲಿ ಅಂಗಡಿ ತೆಗೆಸ್ತೀನಾ? ಬಾ ಇಲ್ಲಿ. ಕೂತ್ಕೋ."

ಲೆಸಿಯೇಲಿ ಒದ್ದೆ ನೆಲದ ಮೇಲೆ ಕೂತಳು.

"ಗುರುವಾರ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಹೂಂ ಅಂದೆ."

"ನಿಮಗೆ ಇಲ್ಲ ಅನ್ನೋದು ಹೇಗೆ ಅತ್ತೆ?"

ಜಗಲಿಯಲ್ಲಿ ಸೆಮಿಸಿ ಕೆಮ್ಮಿದ. ಅತ್ತೆ ಫ್ರೀಜರಿನ ತುಕ್ಕು ಹಿಡಿದ ಅಂಚನ್ನು ಉಗುರಿನಿಂದ ಕೆರೆದಳು.

"ನನಗೆ ಮರ್ಯಾದೆ ಕೊಟ್ಟೆ," ಎಂದಳು. "ಬುಧವಾರ ನಲವತ್ತು ಜನರ ಮುಂದೆ ಆ ಮರ್ಯಾದೆನೇ ಎಲೆ ಮೇಲಿಟ್ಟು ಬಡಿಸಲೇನೇ? ತೆಂಗಿನ ಹಾಲು ಹಾಕಿ?"

ಲೆಸಿಯೇಲಿಗೆ ಅಳು ಬಂತು. ಅಳಬಾರದೆಂದು ಮುಷ್ಟಿ ಬಿಗಿದಳು. ಬೀಗದ ಕೈ ಅಂಗೈಗೆ ಚುಚ್ಚಿತು.

"ರೇಡಿಯೋ ಹೇಳಿದ್ದೂ ಸುಳ್ಳಾ ಹಾಗಾದ್ರೆ?"

"ಸುಳ್ಳಲ್ಲ ಅತ್ತೆ." ಹೇಗೆ ಹೇಳುವುದೆಂದು ತಡಕಾಡಿದಳು. ಲೆಕ್ಕದ ಮಾತುಗಳೆಲ್ಲ ಆ ಒದ್ದೆ ಕೋಣೆಯಲ್ಲಿ ಕೆಲಸಕ್ಕೆ ಬಾರದವು ಅನ್ನಿಸಿತು. "ಸಮುದ್ರದೊಳಗಿನ ಬೆಟ್ಟ ಸಿಡಿದು ಬೂದಿ ಸುರೀತಲ್ಲ, ಆಗ ಚಾವಣಿ ನೀರೆಲ್ಲ ತೊಟ್ಟಿಗೆ ಬಿದ್ದಿತ್ತು. ಬೂದಿ ನಿಂತು, ಒಳ್ಳೆ ಮಳೆ ಬಂದ ಮೇಲೂ ನಲ್ಲಿ ತಿರುಗಿಸಿದ್ರೆ ಬೂದಿ ನೀರೇ ಬರ್ತಿತ್ತು. ನೀವೇ ಬೈತಿದ್ರಿ, ಆಕಾಶ ತೊಳೆದಂಗಿದೆ, ಚಹಾ ಮಾತ್ರ ಕೆಸರು ಅಂತ."

"ಬೈದಿದ್ದೆ."

"ಎಣ್ಣೆನೂ ಹಂಗೇ. ಈಗ ಬೀಳ್ತಿರೋ ಮಳೆ ಒಳ್ಳೇದೇ. ಆದ್ರೆ ನಾವು ಕುಡೀತಿರೋದು ತಳದ್ದು. ಅದು ಮುಗೀದೆ ಹೊಸದು ನಮಗೆ ಸಿಗಲ್ಲ. ದೊಡ್ಡ ದೇಶದೋರಿಗೆ ನೂರು ತೊಟ್ಟಿ. ನಮಗೆ ಒಂದೇ."

ಅತ್ತೆ ಅವಳನ್ನೇ ನೋಡಿದಳು. "ಇಷ್ಟು ಚೆನ್ನಾಗಿ ಹೇಳೋಕೆ ಬರುತ್ತೆ ನಿನಗೆ," ಎಂದಳು. "ಗುರುವಾರ ಇದರಲ್ಲಿ ಅರ್ಧ ಹೇಳಿದ್ರೆ ಸಾಕಿತ್ತು."

ಆಮೇಲೆ ಮಣೆಯ ಮೇಲೆ ಕೈಯೂರಿ ಎದ್ದು, ಅಕ್ಕ ತಮ್ಮ ನೇರವಾಗಿ ಮಾತಾಡುವ ವಾಡಿಕೆಯಿಲ್ಲದ್ದರಿಂದ, ಜಗಲಿಗೆ ಕೇಳುವಂತೆ ಗೋಡೆಗೆ ಹೇಳಿದಳು: "ಒಲೆಯ ಕಲ್ಲು ಇನ್ನೂ ಬಿಸಿ ಇದೆಯಾ ಅಂತ ಯಾರಾದ್ರೂ ನೋಡಿದ್ರೆ ಚೆನ್ನಾಗಿತ್ತು."

"ಬಿಸಿ ಸಾಲಲ್ಲ," ಎಂದ ಸೆಮಿಸಿ ತೆಂಗಿನ ಮರಕ್ಕೆ ಹೇಳುವಂತೆ. "ಇನ್ನೊಂದು ಗುಂಡಿ ಹಚ್ತೀನಿ." ಆರು ವಾರ ಹಿಡಿದ ಮೀನಿನ ಬಗ್ಗೆ ಅವನು ಅಷ್ಟೇ ಹೇಳಿದ್ದು.

ಪಾದ್ರಿಯವರ ಫ್ರೀಜರು ವಾರ್ಷಿಕ ಸಭೆಯ ಮಾಂಸದಿಂದ ಆಗಲೇ ತುಂಬಿತ್ತು. ಮುಚ್ಚಳ ತೆಗೆದರು. ಮೇಲಿನ ಸಾಲು ಮೆತ್ತಗಾಗಿತ್ತು, ತಳದ ಮೀನುಗಳ ಕಣ್ಣಿನ ಸುತ್ತ ಇನ್ನೂ ಹರಳುಗಳಿದ್ದವು. ಒಳಗೆ ಇಬ್ಬರೂ ಕೆಸುವಿನ ಎಲೆಯಲ್ಲಿ, ತೆಂಗಿನ ಹಾಲಿನಲ್ಲಿ ಸುತ್ತಿ ಸುತ್ತಿ ಕೊಟ್ಟರು, ಹೊರಗೆ ಸೆಮಿಸಿ ಒಲೆಗೆ ಇಳಿಸಿದ. ಮಧ್ಯಾಹ್ನದ ಗಂಟೆಗೆ ಮುಂಚೆ ಲೆಸಿಯೇಲಿ ಮನೆ ಮನೆಗೆ ತಟ್ಟೆ ಹಂಚಿ ಬಂದಳು. ಭಾನುವಾರ ನೆರೆಯವರಿಗೆ ತಟ್ಟೆ ಕೊಡುವುದು ವಾಡಿಕೆ. ಆದರೆ ಒಂದೊಂದು ತಟ್ಟೆಯಲ್ಲಿ ಇಷ್ಟಿಷ್ಟು ದೊಡ್ಡ ಮೀನು ಕೊಡುವುದು ವಾಡಿಕೆಯಲ್ಲ. ಯಾರೂ ಏನೂ ಕೇಳಲಿಲ್ಲ. ಶನಿವಾರ ಕೆಣಕಿದ್ದ ಮನುಷ್ಯ ಎರಡು ಕೈಯಲ್ಲೂ ತಟ್ಟೆ ತೆಗೆದುಕೊಂಡು ನೆಲ ನೋಡಿದ. ಊರೆಲ್ಲ ಪಾಸೇಪಾಳ ಬುಧವಾರದ ಮೇಜನ್ನು ಭಾನುವಾರವೇ ಉಂಡಿತು.

ಸೋಮವಾರ ಬೆಳಿಗ್ಗೆ ಊರಿನ ಸಭೆ. ಪ್ರತಿ ಸೋಮವಾರವೂ ಊರ ಅಧಿಕಾರಿ ಪೆನಿಸಿಮಾನಿ ಆ ವಾರದ ಕೆಲಸಗಳನ್ನು ಹೇಳುತ್ತಾನೆ, ಜನ ಚಾಪೆಯ ಮೇಲೆ ಕೂತು ಕೇಳುತ್ತಾರೆ. ಹಂದಿ ಕಟ್ಟಿ ಹಾಕುವುದು, ದಕ್ಕೆ ಗುಡಿಸುವುದು, ಅತಿಥಿಗಳ ಹಾಸಿಗೆ. ಕೊನೆಗೆ ಅವನು, "ಕರೆಂಟಿನ ವಿಷಯ ಕೆಲೇಪಿ ಹೇಳ್ತಾರೆ," ಎಂದ.

ಕೆಲೇಪಿ ಗಂಟಲು ಸರಿಮಾಡಿಕೊಳ್ಳುತ್ತಿರುವಾಗಲೇ ಮುಂದಿನ ಸಾಲಿನಿಂದ ಅತ್ತೆಯ ದನಿ ಬಂತು. "ಕೆಲೇಪಿ ಕೂತ್ಕೊಳ್ಳಲಿ. ನನ್ನ ತಮ್ಮನ ಮಗಳು ಹೇಳ್ತಾಳೆ."

ಹಿಂದಿನ ಕಂಬಕ್ಕೆ ಒರಗಿದ್ದ ಲೆಸಿಯೇಲಿಯ ಕಿವಿ ಕಾದವು. ಅತ್ತೆ ಹೇಳಿದ ಮೇಲೆ ಎದ್ದು ನಿಲ್ಲದೆ ಗತಿಯಿರಲಿಲ್ಲ. ನಿಂತಳು.

"ಜೋರಾಗಿ ಹೇಳೇ, ಏರಿಸುವಾಗ ಜೋರಾಗೇ ಏರಿಸ್ತೀಯಲ್ಲ!" ಎಂದರು ಯಾರೋ. ನಗು ಎದ್ದಿತು. ಅವಳು ತಳದ ಎಣ್ಣೆಯ ಮಾತು, ಬೂದಿ ನೀರಿನ ಮಾತು ಹೇಳಿದಳು. ಮೊದಲು ದನಿ ಮುಂದಿನ ಎರಡು ಸಾಲು ದಾಟಲಿಲ್ಲ. "ಚಹಾ ಕೆಸರು" ಎಂದಾಗ ಕೆಲವರು ತಲೆಯಾಡಿಸಿದರು. ನಗು ನಿಂತಿತು. ನಗು ನಿಂತ ಮೇಲೆ ಸಭೆ ಇನ್ನೂ ಭಾರವಾಯಿತು; ಬೈಯಲು ಯಾರೂ ಸಿಗದಿದ್ದಾಗ ಜನ ಹಾಗೆ ಕೂರುತ್ತಾರೆ.

ಆಗ ಅತ್ತೆ ಕೂತಲ್ಲಿಂದಲೇ ತಿರುಗಿದಳು. ಗುರುವಾರದ ಹಾಗೆಯೇ ಮುಖವನ್ನು ಮುಂದೆ ಚಾಚಿದಳು. ಕಣ್ಣಲ್ಲಿ ಅದೇ ಆಸೆ ಇತ್ತು. ನಿಜವಾದದ್ದೋ, ಬೇಕೆಂದೇ ತಂದುಕೊಂಡದ್ದೋ, ಲೆಸಿಯೇಲಿಗೆ ತಿಳಿಯಲಿಲ್ಲ.

"ಕ್ರಿಸ್‌ಮಸ್ಸಿಗೆ ಮುಂಚೆ ಇಳಿಯುತ್ತೇನೇ?"

ಊರಿಗೆ ಊರೇ ಕೇಳುತ್ತಿತ್ತು. ಜಗಲಿಯಾಚೆ ಸೆಮಿಸಿ ಬೆನ್ನು ಮಾಡಿ ನಿಂತಿದ್ದ. ನಾಲಿಗೆ ಅಭ್ಯಾಸದಿಂದ ಹೂಂಕಾರಕ್ಕೆ ಎದ್ದಿತು. ಲೆಸಿಯೇಲಿ ಅದನ್ನು ಹಲ್ಲಿನಲ್ಲಿ ಹಿಡಿದಳು.

"ಇಲ್ಲ ಅತ್ತೆ."

ಎಲ್ಲೋ ಒಬ್ಬ ಮುದುಕಿ ಉಸಿರೆಳೆದುಕೊಂಡಳು. ಅತ್ತೆಯ ಮುಖ ಒಂದು ಕ್ಷಣ ಕುಗ್ಗಿತು. ಸಭೆಯ ನಡುವೆ ಯಾರೂ ಎಂದೂ ತನಗೆ ಆಡಿರದ ಮಾತು ಬಿದ್ದಾಗ ಹೇಗೆ ಕುಗ್ಗಬೇಕೋ ಹಾಗೆ. ಆಮೇಲೆ ಅವಳು ಪಕ್ಕದಲ್ಲಿದ್ದ ಬುಟ್ಟಿ ಎತ್ತಿಕೊಂಡು, ಪೆನಿಸಿಮಾನಿಯ ಅಪ್ಪಣೆಗೂ ಕಾಯದೆ ಎದ್ದಳು.

"ಹಾಗಾದ್ರೆ ನಡಿ," ಎಂದಳು. "ನೀರು ಇಳೀತಾ ಇದೆ. ಬಂಡೆ ಬಯಲಾಗೋದು ಎರಡೇ ಗಂಟೆ."

"ನನಗೆ ಕಚೇರಿ..." ಎಂದು ಲೆಸಿಯೇಲಿ ಕೆಲೇಪಿಯ ಕಡೆ ನೋಡಿದಳು. ಕೆಲೇಪಿ ಚಾವಣಿ ನೋಡುತ್ತಿದ್ದ.

ಇಬ್ಬರೂ ದಂಡೆಯ ಇಳಿಜಾರು ಇಳಿದರು. ಅತ್ತೆಯ ಮಂಡಿ ಒಂದೊಂದು ಹೆಜ್ಜೆಗೂ ಕಟಕಟ ಎನ್ನುತ್ತಿತ್ತು. ಬಂಡೆಸಾಲು ದೂರದವರೆಗೆ ಬೋಳಾಗಿ, ಕಪ್ಪಗೆ ಬಿದ್ದುಕೊಂಡಿತ್ತು. ಅಲ್ಲಿ ಇವತ್ತು, ಬಿಸಿಲಿಗೆ ಒಣಗಿಸಿದರೆ ಬುಧವಾರದ ತನಕ ಕೆಡದ ಅಷ್ಟಪದಿಗಳು ಸಿಗಬಹುದು, ಚಿಪ್ಪುಗಳು ಸಿಗಬಹುದು. ನಲವತ್ತು ಜನರಿಗೆ ಸಾಲುವಷ್ಟು ಸಿಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಸಾಲುತ್ತೇನೇ?" ಅತ್ತೆ ತಿರುಗದೆಯೇ ಕೇಳಿದಳು.

"ಇಲ್ಲ ಅತ್ತೆ," ಎಂದಳು ಲೆಸಿಯೇಲಿ.

"ಹೂಂ," ಎಂದು ಅತ್ತೆ ಸೀರೆಯಂತೆ ಸುತ್ತಿದ ಬಟ್ಟೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ ನೀರಿಗಿಳಿದಳು.